ವೇಗಮಾಪಕದ ಮಾತು

ನಮ್ಮ ನಾಡಿನ ಹಳೆಯ ಶಾಸನಗಳನ್ನು ಓದುವವರಿಗೆ ಒಂದು ಸಂಗತಿ ಗೋಚರಿಸುತ್ತದೆ. ದೇವಾಲಯಕ್ಕೆ ಭೂಮಿಯನ್ನು ದತ್ತಿ ಬಿಟ್ಟಾಗ, ಅದು ಇಷ್ಟು ಮತ್ತರು ಎಂದು ಹೇಳುವುದರ ಜೊತೆಗೆ, ಯಾವ ಗಳೆಯಿಂದ ಅಳೆದ ಮತ್ತರು ಎಂಬುದನ್ನೂ ಅನೇಕ ವೇಳೆ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಗಳೆ ಎಂದರೆ ಭೂಮಿಯನ್ನು ಅಳೆಯುವ ಕೋಲು. ಒಂದು ಸೀಮೆಯ ಗಳೆಗೂ ಇನ್ನೊಂದು ಸೀಮೆಯ ಗಳೆಗೂ ಉದ್ದದಲ್ಲಿ ವ್ಯತ್ಯಾಸವಿರುತ್ತಿತ್ತು. ಆದ್ದರಿಂದ ಗಳೆ ಯಾವುದೆಂದು ತಿಳಿಯದ ಹೊರತು ಮತ್ತರಿನ ಸಂಖ್ಯೆಯಿಂದ ಭೂಮಿಯ ವಿಸ್ತಾರವು ತಿಳಿಯುತ್ತಿರಲಿಲ್ಲ. ಸಂಖ್ಯೆಯ ಹಿಂದೆ ಒಂದು ಅಳತೆಗೋಲು ಇರುತ್ತದೆ. ಆ ಕೋಲನ್ನು ಮರೆತರೆ ಸಂಖ್ಯೆಯು ನಮ್ಮನ್ನು ದಾರಿ ತಪ್ಪಿಸುತ್ತದೆ.

ಯಂತ್ರಗಳ ವಿಷಯದಲ್ಲಿಯೂ ಈ ಮಾತು ಸತ್ಯ. ವಾಹನಗಳಲ್ಲಿ ನಾವು ದಿನವೂ ಕಾಣುವ ವೇಗಮಾಪಕವನ್ನೇ ತೆಗೆದುಕೊಳ್ಳೋಣ. ಅದರ ಮುಳ್ಳು 40ರ ಮೇಲೆ ನಿಂತರೆ ವಾಹನವು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆಯೆಂದು ನಾವು ನಿಸ್ಸಂದೇಹವಾಗಿ ನಂಬುತ್ತೇವೆ. ಆ ವೇಗಮಾಪಕವು ತಾನು ಹುಟ್ಟಿದ ವಾಹನದಲ್ಲಿಯೇ ಇರುವವರೆಗೆ ಈ ನಂಬಿಕೆಗೆ ಆಧಾರವುಂಟು. ಅದನ್ನು ಬಿಚ್ಚಿ ಬೇರೊಂದು ವಾಹನಕ್ಕೆ ಜೋಡಿಸಿದರೆ ಏನಾದೀತು? ಒಂದು ಮೋಟಾರು ಸೈಕಲ್ಲಿನ ವೇಗಮಾಪಕವನ್ನು, ಕೈಯಿಂದ ಕಟ್ಟಿದ ಒಂದು ಪುಟ್ಟ ಕಾರಿನ ಡ್ಯಾಶ್‌ಬೋರ್ಡಿಗೆ ಹೊಂದಿಸುವ ಕೆಲಸವನ್ನು ಹಂತಹಂತವಾಗಿ ಪರಿಶೀಲಿಸಿದರೆ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಇಂಥ ಕೆಲಸಕ್ಕೆ ಯಾರಾದರೂ ಏಕೆ ಕೈ ಹಾಕುತ್ತಾರೆಂಬ ಸಂಶಯ ನಿಮಗೆ ಬರಬಹುದು. ಕಾರಿಗೂ ಮೋಟಾರು ಸೈಕಲ್ಲಿಗೂ ಇರುವ ನಂಟು ಹೊಸದಲ್ಲ. 1955ರಲ್ಲಿ ಜರ್ಮನಿಯ ಬಿಎಂಡಬ್ಲ್ಯೂ ಸಂಸ್ಥೆಯು ತಯಾರಿಸತೊಡಗಿದ ಇಸೆಟ್ಟ ಎಂಬ ಮೊಟ್ಟೆಯಾಕಾರದ ಪುಟ್ಟ ಕಾರಿಗೆ ಆ ಸಂಸ್ಥೆಯ ಮೋಟಾರು ಸೈಕಲ್ಲಿನ ಎಂಜಿನ್ನೇ ಆಧಾರವಾಗಿತ್ತು. ಇಂದು ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಿಗಾಗಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟುವ ಪಂದ್ಯದ ಕಾರುಗಳಲ್ಲಿಯೂ ಅನೇಕ ತಂಡಗಳು ಮೋಟಾರು ಸೈಕಲ್ಲಿನ ಎಂಜಿನ್ನನ್ನು ಬಳಸುತ್ತವೆ. ನಮ್ಮ ಮೈಸೂರಿನಲ್ಲಿಯೇ 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆಯು ಮೊದಲು ಜಾವಾ, ಅನಂತರ ಯೆಜ್ಡಿ ಎಂಬ ಹೆಸರಿನ ಮೋಟಾರು ಸೈಕಲ್ಲುಗಳನ್ನು ತಯಾರಿಸಿತು. ಕಾರ್ಖಾನೆ ಮುಚ್ಚಿದ ಮೇಲೆಯೂ ಆ ವಾಹನಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರು ಬಹುಮಂದಿ. ಹೀಗೆ ಒಂದು ವಾಹನದ ಆಯುಷ್ಯ ಮುಗಿದರೂ ಅದರ ಭಾಗಗಳ ಆಯುಷ್ಯ ಮುಗಿಯುವುದಿಲ್ಲ.

ಮೋಟಾರು ಸೈಕಲ್ಲಿನ ವೇಗಮಾಪಕವು ಪುಟ್ಟ ಕಾರಿಗೆ ಒಗ್ಗುವುದಕ್ಕೆ ಬೇರೆ ಕಾರಣಗಳೂ ಇವೆ. ಅದು ಗಾತ್ರದಲ್ಲಿ ಚಿಕ್ಕದು. ಒಂದು ದುಂಡು ರಂಧ್ರದಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಮಳೆ, ಧೂಳು, ಅದುರಾಟಗಳನ್ನು ತಾಳಿಕೊಳ್ಳಲೆಂದೇ ಅದನ್ನು ರೂಪಿಸಿರುತ್ತಾರಾದ್ದರಿಂದ ಮೇಲ್ಛಾವಣಿಯಿಲ್ಲದ ತೆರೆದ ಕಾರಿಗೆ ಅದು ಅನುಕೂಲವಾದುದು. ಆದರೆ ರಂಧ್ರದಲ್ಲಿ ಕೂರುವುದು ಬೇರೆ, ನಿಜ ನುಡಿಯುವುದು ಬೇರೆ. ಎರಡನೆಯದನ್ನು ಸಾಧಿಸಬೇಕಾದರೆ ಅದರ ಒಳಗಿನ ರಚನೆಯನ್ನು ಮೊದಲು ತಿಳಿಯಬೇಕು.

ಹಳೆಯ ಮಾದರಿಯ ವೇಗಮಾಪಕದ ರಚನೆಯು ಬಹಳ ಸರಳವಾದುದು. ಚಕ್ರದಿಂದಲೋ ಗೇರ್‌ಬಾಕ್ಸಿನಿಂದಲೋ ಹೊರಟ ಬಾಗುವ ಕೇಬಲ್ಲೊಂದು ಮಾಪಕದ ಬೆನ್ನಿಗೆ ಬಂದು ಸೇರುತ್ತದೆ. ಕೇಬಲ್ಲಿನ ಒಳತಂತಿಯು ತಿರುಗಿದಾಗ ಮಾಪಕದೊಳಗೆ ಒಂದು ಆಯಸ್ಕಾಂತವು ತಿರುಗುತ್ತದೆ. ಅದನ್ನು ಸುತ್ತುವರಿದು, ಆದರೆ ಅದಕ್ಕೆ ಎಲ್ಲಿಯೂ ತಾಗದಂತೆ, ಅಲ್ಯೂಮಿನಿಯಮ್ಮಿನ ತೆಳುವಾದ ಬಟ್ಟಲೊಂದಿರುತ್ತದೆ. ಮುಳ್ಳನ್ನು ಜೋಡಿಸಿರುವುದು ಈ ಬಟ್ಟಲಿನ ಅಚ್ಚಿಗೆ. ಅಲ್ಯೂಮಿನಿಯಂ ಲೋಹವನ್ನು ಕಬ್ಬಿಣದಂತೆ ಆಯಸ್ಕಾಂತವು ಸೆಳೆಯುವುದಿಲ್ಲವೆಂಬುದನ್ನು ನೀವು ಬಲ್ಲಿರಿ. ಹಾಗಿದ್ದರೂ ಆಯಸ್ಕಾಂತವು ತಿರುಗತೊಡಗಿದೊಡನೆ ಬಟ್ಟಲು ತಾನೂ ಅದೇ ದಿಕ್ಕಿಗೆ ಹೊರಳಲು ಯತ್ನಿಸುತ್ತದೆ!

ಈ ವಿಚಿತ್ರವನ್ನು ಮೊದಲು ಕಂಡವರಲ್ಲಿ ಫ್ರಾನ್ಸ್ ದೇಶದ ವಿಜ್ಞಾನಿ ಅರಾಗೋ ಪ್ರಮುಖನು. ತಿರುಗುತ್ತಿರುವ ತಾಮ್ರದ ಬಿಲ್ಲೆಯು ತನ್ನ ಮೇಲೆ ತೂಗಿಬಿಟ್ಟ ಆಯಸ್ಕಾಂತದ ಸೂಜಿಯನ್ನು ತನ್ನೊಡನೆ ಎಳೆದೊಯ್ಯುವುದನ್ನು ಅವನು 1824ರ ಸುಮಾರಿಗೆ ಗಮನಿಸಿದನು. ಕಾರಣ ಮಾತ್ರ ಆಗ ತಿಳಿಯಲಿಲ್ಲ. 1831ರಲ್ಲಿ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯು ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದ ಮೇಲೆ ಒಗಟು ಬಿಡಿಸಿತು. ಆಯಸ್ಕಾಂತವು ಲೋಹದ ಸಮೀಪದಲ್ಲಿ ಚಲಿಸಿದಾಗ ಲೋಹದೊಳಗೆ ನೀರಿನ ಸುಳಿಗಳಂತೆ ವಿದ್ಯುತ್ಪ್ರವಾಹಗಳು ಹುಟ್ಟುತ್ತವೆ. ಈ ಸುಳಿಪ್ರವಾಹಗಳಿಗೂ ಆಯಸ್ಕಾಂತಕ್ಕೂ ನಡೆಯುವ ಸೆಣಸಾಟದಿಂದ ಲೋಹವು ಎಳೆಯಲ್ಪಡುತ್ತದೆ. ಈ ತತ್ತ್ವವನ್ನು ವೇಗವನ್ನಳೆಯಲು ಬಳಸಿ ಜರ್ಮನಿಯ ಓಟೋ ಶುಲ್ಟ್ಸ್ ಎಂಬಾತನು 1902ರಲ್ಲಿ ಹಕ್ಕುಪತ್ರವನ್ನು ಪಡೆದನು. ಪ್ರಯೋಗಶಾಲೆಯ ಕುತೂಹಲವೊಂದು ಹೀಗೆ ಬೀದಿಯ ಬಳಕೆಗೆ ಬಂದಿತು.

ಬಟ್ಟಲು ಮನಬಂದಂತೆ ತಿರುಗದಿರಲೆಂದು ಅದರ ಅಚ್ಚಿಗೆ ಕೈಗಡಿಯಾರದಲ್ಲಿರುವಂಥ ಸೂಕ್ಷ್ಮವಾದ ಸುರುಳಿ ಸ್ಪ್ರಿಂಗೊಂದನ್ನು ಬಿಗಿದಿರುತ್ತಾರೆ. ಆಯಸ್ಕಾಂತವು ಬಟ್ಟಲನ್ನು ಮುಂದಕ್ಕೆ ಎಳೆಯುತ್ತದೆ. ಸ್ಪ್ರಿಂಗು ಹಿಂದಕ್ಕೆ ಎಳೆಯುತ್ತದೆ. ಎರಡೂ ಎಳೆತಗಳು ಸರಿಸಮವಾದ ಕಡೆಯಲ್ಲಿ ಮುಳ್ಳು ನಿಲ್ಲುತ್ತದೆ. ಕೇಬಲ್ಲು ಎಷ್ಟು ಬೇಗ ತಿರುಗಿದರೆ ಮುಳ್ಳು ಅಷ್ಟು ದೂರ ಸರಿಯುತ್ತದೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಈ ಯಂತ್ರವು ನಿಜವಾಗಿ ಅಳೆಯುತ್ತಿರುವುದು ಏನನ್ನು? ರಸ್ತೆಯನ್ನು ಅದು ಕಂಡಿಲ್ಲ. ಕಿಲೋಮೀಟರ್ ಎಂದರೇನೆಂದು ಅದಕ್ಕೆ ಗೊತ್ತಿಲ್ಲ. ತನ್ನ ಕೇಬಲ್ಲು ಎಷ್ಟು ಬೇಗ ತಿರುಗುತ್ತಿದೆಯೆಂಬುದೊಂದೇ ಅದಕ್ಕೆ ತಿಳಿದ ವಿಷಯ. ಮುಖಫಲಕದ ಮೇಲೆ ಅಚ್ಚಾದ 20, 40, 60 ಎಂಬ ಅಂಕಿಗಳು ಅದನ್ನು ರೂಪಿಸಿದವರು ಕೊಟ್ಟ ಒಂದು ಭರವಸೆ ಮಾತ್ರ. ವಾಹನವು ಒಂದು ಕಿಲೋಮೀಟರ್ ಸಾಗುವಾಗ ಕೇಬಲ್ಲು ಇಷ್ಟು ಸುತ್ತು ತಿರುಗುವುದಾದರೆ ಈ ಅಂಕಿಗಳು ನಿಜ, ಎಂಬುದು ಆ ಭರವಸೆಯ ಷರತ್ತು. ಈ ‘ಇಷ್ಟು ಸುತ್ತು’ ಎಂಬ ಸಂಖ್ಯೆಗೆ ಮಾಪಕದ ಸ್ಥಿರಾಂಕವೆಂದು ಹೆಸರಿಡೋಣ. ಅನೇಕ ಮಾಪಕಗಳಲ್ಲಿ ಅದನ್ನು ಮುಖಫಲಕದ ಅಡಿಯಲ್ಲಿ ಕಿರಿದಾದ ಅಂಕಿಗಳಲ್ಲಿ ಅಚ್ಚು ಮಾಡಿರುತ್ತಾರೆ. ಶಾಸನದಲ್ಲಿ ಗಳೆಯ ಹೆಸರು ಇದ್ದಂತೆ ಇಲ್ಲಿ ಈ ಸ್ಥಿರಾಂಕ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನಮ್ಮ ಕೈಯಲ್ಲಿರುವ ಮೋಟಾರು ಸೈಕಲ್ಲಿನ ಮಾಪಕದ ಸ್ಥಿರಾಂಕವು ಕಿಲೋಮೀಟರಿಗೆ 1000 ಸುತ್ತು ಎಂದಿರಲಿ. ಪುಟ್ಟ ಕಾರಿನ ಗೇರ್‌ಬಾಕ್ಸಿನಿಂದ ಬರುವ ಕೇಬಲ್ಲು ಒಂದು ಕಿಲೋಮೀಟರಿಗೆ 640 ಸುತ್ತು ಮಾತ್ರ ತಿರುಗುತ್ತದೆ ಎಂದಿರಲಿ. ಹೀಗಿರುವಾಗ ಮಾಪಕವನ್ನು ಹಾಗೆಯೇ ಜೋಡಿಸಿದರೆ, ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವಾಗ ಮುಳ್ಳು 32ರ ಮೇಲೆ ನಿಲ್ಲುತ್ತದೆ. ಮಾಪಕದಲ್ಲಿ ಯಾವ ದೋಷವೂ ಇಲ್ಲ, ಕೇಬಲ್ಲಿನಲ್ಲಿಯೂ ದೋಷವಿಲ್ಲ. ಎರಡೂ ಸರಿಯಾಗಿದ್ದು ಕೂಡಿ ಸುಳ್ಳು ಹೇಳುತ್ತಿವೆ.

ಇದನ್ನು ಅಲ್ಪವಾದ ವ್ಯತ್ಯಾಸವೆಂದು ಭಾವಿಸಬಾರದು. ಚಲಿಸುವ ವಸ್ತುವಿನ ಚಲನಶಕ್ತಿಯು ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆಯೆಂದು ನೀವು ವಿಜ್ಞಾನದ ಪಾಠದಲ್ಲಿ ಕಲಿಯುತ್ತೀರಿ. 32ಕ್ಕೆ ಬದಲಾಗಿ 50ರ ವೇಗದಲ್ಲಿರುವ ಕಾರಿನ ಚಲನಶಕ್ತಿಯು ಸುಮಾರು 2.4 ಪಟ್ಟು. ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು ಹೆಚ್ಚುತ್ತದೆ. ಶಾಲೆಯ ಮುಂದೆ ಮಕ್ಕಳು ರಸ್ತೆ ದಾಟುತ್ತಿರುವಾಗ, ತಾನು ನಿಧಾನವಾಗಿಯೇ ಬರುತ್ತಿದ್ದೇನೆಂದು ಮುಳ್ಳನ್ನು ನೋಡಿ ನಂಬಿದ ಚಾಲಕನಿಗೆ ಈ ವ್ಯತ್ಯಾಸವು ತಿಳಿಯುವ ಹೊತ್ತಿಗೆ ಕಾಲ ಮೀರಿರುತ್ತದೆ. ಮಾಪಕವೇ ಇಲ್ಲದ ವಾಹನದಲ್ಲಿ ಚಾಲಕನು ತನ್ನ ಕಣ್ಣು ಕಿವಿಗಳನ್ನು ನಂಬಿ ಎಚ್ಚರದಿಂದಿರುತ್ತಾನೆ. ಸುಳ್ಳು ಹೇಳುವ ಮಾಪಕವು ಆ ಎಚ್ಚರವನ್ನೂ ಕಸಿದುಕೊಳ್ಳುತ್ತದೆ.

ಇದಕ್ಕೆ ಪರಿಹಾರವನ್ನು ಹುಡುಕುವ ಮೊದಲು ಕಾರಿನ ಕೇಬಲ್ಲು ಕಿಲೋಮೀಟರಿಗೆ ಎಷ್ಟು ಸುತ್ತು ತಿರುಗುತ್ತದೆಂಬುದನ್ನು ನಾವೇ ಅಳೆದು ತಿಳಿಯಬೇಕು. ಅದಕ್ಕೆ ದುಬಾರಿಯಾದ ಸಲಕರಣೆ ಏನೂ ಬೇಡ. ಸಮತಟ್ಟಾದ ನೆಲದ ಮೇಲೆ ಟೇಪು ಹಿಡಿದು 50 ಮೀಟರ್ ಅಳೆದು ಎರಡು ತುದಿಗಳಲ್ಲಿಯೂ ಸುಣ್ಣದ ಗೆರೆ ಎಳೆಯಬೇಕು. ಟೈರುಗಳಿಗೆ ಸರಿಯಾದ ಪ್ರಮಾಣದಲ್ಲಿ ಗಾಳಿ ತುಂಬಿಸಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಚಾಲಕನನ್ನು ಒಳಗೆ ಕೂರಿಸಬೇಕು. ಚಾಲಕನ ಭಾರದಿಂದ ಟೈರು ಕೊಂಚ ಅದುಮಿಕೊಳ್ಳುವುದರಿಂದ ಓಡಾಟದ ಸ್ಥಿತಿಯಲ್ಲಿಯೇ ಅಳೆಯುವುದು ಮುಖ್ಯ. ಅನಂತರ ಕೇಬಲ್ಲಿನ ಮೇಲ್ತುದಿಯನ್ನು ಬಿಡಿಸಿ ಒಳತಂತಿಗೆ ರಟ್ಟಿನ ಚೂರೊಂದನ್ನು ಬಾವುಟದಂತೆ ಸಿಕ್ಕಿಸಬೇಕು. ಗೆಳೆಯರು ಕಾರನ್ನು ಮೆಲ್ಲಗೆ ತಳ್ಳುತ್ತಿರುವಾಗ ಒಬ್ಬನು ರಟ್ಟಿನ ಸುತ್ತುಗಳನ್ನು ಎಣಿಸುತ್ತಾನೆ. ನಮ್ಮ ಉದಾಹರಣೆಯ ಕಾರಿನಲ್ಲಿ 50 ಮೀಟರಿಗೆ 32 ಸುತ್ತು ಬರುತ್ತದೆ. 1000 ಮೀಟರಿಗೆ ಅದರ 20 ಪಟ್ಟು, ಎಂದರೆ 640 ಸುತ್ತು. ಹೋಗುವಾಗಲೂ ಬರುವಾಗಲೂ ಎಣಿಸಿ ನೋಡಿದರೆ ಲೆಕ್ಕದಲ್ಲಿ ಭರವಸೆ ಮೂಡುತ್ತದೆ.

ಈಗ ಪರಿಹಾರದ ಮಾತು. ಮುಖಫಲಕದ ಅಂಕಿಗಳನ್ನು ಅಳಿಸಿ ಹೊಸದಾಗಿ ಬರೆಯುವುದು ಒಂದು ದಾರಿ. 32 ಇದ್ದ ಕಡೆ 50 ಎಂದು ಬರೆದರಾಯಿತು. ಒಳಗಿನ ಸ್ಪ್ರಿಂಗಿನ ಬಿಗಿತವನ್ನು ಬದಲಿಸುವುದು ಇನ್ನೊಂದು ದಾರಿ. ಈ ಎರಡರಿಂದಲೂ ಮುಳ್ಳು ಸರಿಯಾದೀತು. ಆದರೆ ಅದೇ ಮಾಪಕದಲ್ಲಿ, ವಾಹನವು ಈವರೆಗೆ ಕ್ರಮಿಸಿದ ದೂರವನ್ನು ತೋರಿಸುವ ಅಂಕಿಗಳ ಸಾಲೊಂದಿರುತ್ತದೆ. ಅದಕ್ಕೂ ಆಯಸ್ಕಾಂತಕ್ಕೂ ಸ್ಪ್ರಿಂಗಿಗೂ ಸಂಬಂಧವಿಲ್ಲ. ಕೇಬಲ್ಲಿನ ಸುತ್ತುಗಳನ್ನು ಹಲ್ಲುಚಕ್ರಗಳ ಮೂಲಕ ಅದು ನೇರವಾಗಿ ಎಣಿಸುತ್ತದೆ. ಆದ್ದರಿಂದ ಕಾರು 100 ಕಿಲೋಮೀಟರ್ ಓಡಿದರೆ ಅದು 64 ಎಂದೇ ದಾಖಲಿಸುತ್ತದೆ. ಎಂಜಿನ್ ಎಣ್ಣೆಯನ್ನು ಬದಲಿಸುವ ಕಾಲ, ಒಂದು ಲೀಟರ್ ಪೆಟ್ರೋಲಿಗೆ ಸಿಕ್ಕುವ ದೂರ, ಮುಂದೆ ವಾಹನವನ್ನು ಮಾರುವಾಗ ಕೊಳ್ಳುವವನಿಗೆ ಹೇಳುವ ಲೆಕ್ಕ, ಇವೆಲ್ಲವೂ ತಪ್ಪಾಗುತ್ತವೆ.

ಆದುದರಿಂದ ತಪ್ಪು ಎಲ್ಲಿ ಹುಟ್ಟಿತೋ ಅಲ್ಲಿಯೇ ಅದನ್ನು ತಿದ್ದುವುದು ಮೇಲು. ಕೇಬಲ್ಲಿಗೂ ಮಾಪಕಕ್ಕೂ ನಡುವೆ ಒಂದು ಪುಟ್ಟ ಹಲ್ಲುಚಕ್ರದ ಪೆಟ್ಟಿಗೆಯನ್ನು ಇಡುವುದೇ ಆ ಉಪಾಯ. 640ನ್ನು 1000ಕ್ಕೆ ಏರಿಸಬೇಕಾದರೆ 1000ವನ್ನು 640ರಿಂದ ಭಾಗಿಸಬೇಕು. ಅದನ್ನು ಸಂಕ್ಷೇಪಿಸಿದರೆ 16ರ ಮೇಲೆ 25 ಎಂಬ ಭಿನ್ನರಾಶಿ ಬರುತ್ತದೆ. ಕಾರಿನ ಕೇಬಲ್ಲಿಗೆ 25 ಹಲ್ಲುಗಳ ಚಕ್ರವನ್ನೂ ಮಾಪಕದ ಕಡೆಗೆ 16 ಹಲ್ಲುಗಳ ಚಕ್ರವನ್ನೂ ಅಳವಡಿಸಿದರೆ ಲೆಕ್ಕ ಕೂಡಿತು. ನೀವು ಕೆಳಗಿನ ತರಗತಿಗಳಲ್ಲಿ ಕಲಿತ ಭಿನ್ನರಾಶಿಯು ಇಲ್ಲಿ ಹಿತ್ತಾಳೆಯ ರೂಪವನ್ನು ತಾಳಿ ನಿಂತಿದೆ!

ಇಲ್ಲಿಯೂ ಒಂದು ತೊಡಕುಂಟು. ಎರಡು ಹಲ್ಲುಚಕ್ರಗಳು ನೇರವಾಗಿ ಕೂಡಿದರೆ ತಿರುಗುವ ದಿಕ್ಕು ವಿರುದ್ಧವಾಗುತ್ತದೆ. ಆಗ ಬಟ್ಟಲು ಹಿಂದಕ್ಕೆ ಎಳೆಯಲ್ಪಟ್ಟು ಮುಳ್ಳು ಸೊನ್ನೆಯ ಬಳಿಯ ತಡೆಗೆ ಒತ್ತಿಕೊಂಡು ನಿಲ್ಲುತ್ತದೆ. ನಡುವೆ ಮೂರನೆಯ ಚಕ್ರವೊಂದನ್ನು ಸೇರಿಸಿದರೆ ದಿಕ್ಕು ಮತ್ತೆ ಸರಿಹೋಗುತ್ತದೆ. ಆ ಮೂರನೆಯ ಚಕ್ರಕ್ಕೆ ಹಲ್ಲುಗಳು ಎಷ್ಟೇ ಇರಲಿ, ಮೊದಲಿನ ಪ್ರಮಾಣವು ಬದಲಾಗುವುದಿಲ್ಲ. ಏಕೆಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೀವೇ ಕಂಡುಕೊಳ್ಳಿರಿ.

ಜೋಡಿಸುವ ಕೆಲಸದಲ್ಲಿ ಗಮನಿಸಬೇಕಾದ ಬೇರೆ ಅಂಶಗಳೂ ಇವೆ. ಕೇಬಲ್ಲನ್ನು ಚೂಪಾಗಿ ಬಗ್ಗಿಸಬಾರದು. ಬಗ್ಗಿಸಿದರೆ ಒಳತಂತಿಯು ಸರಾಗವಾಗಿ ತಿರುಗದೆ ಮುಳ್ಳು ನಡುಗುತ್ತದೆ. ಮಾಪಕಕ್ಕೂ ಡ್ಯಾಶ್‌ಬೋರ್ಡಿಗೂ ನಡುವೆ ರಬ್ಬರಿನ ಬಳೆಯನ್ನು ಇಡುವುದು ಒಳ್ಳೆಯದು. ಮುಖಫಲಕದ ಅಂಕಿಗಳು ಮೈಲಿಗಳಲ್ಲಿವೆಯೋ ಕಿಲೋಮೀಟರುಗಳಲ್ಲಿವೆಯೋ ಎಂಬುದನ್ನು ನೋಡಬೇಕು. 1956ರ ತೂಕ ಮತ್ತು ಅಳತೆಗಳ ಶಾಸನದ ಅನಂತರ ನಮ್ಮ ರಸ್ತೆಗಳಲ್ಲಿ ಮೈಲಿಗಲ್ಲುಗಳ ಸ್ಥಾನಕ್ಕೆ ಕಿಲೋಮೀಟರ್ ಕಲ್ಲುಗಳು ಬಂದುವು. ಆದರೆ ಬ್ರಿಟನ್ನಿನ ಹಳೆಯ ಮೋಟಾರು ಸೈಕಲ್ಲಿನ ಮಾಪಕವು ಇಂದಿಗೂ ಮೈಲಿಯಲ್ಲಿಯೇ ಮಾತನಾಡುತ್ತದೆ. ಅದರ 40 ನಮ್ಮ 64.

ವಿದ್ಯುತ್ತಿನ ಸಂಗತಿಯೂ ಹೀಗೆಯೇ. ಹಳೆಯ ಜಾವಾದಂಥ ಮೋಟಾರು ಸೈಕಲ್ಲುಗಳಲ್ಲಿ ಬ್ಯಾಟರಿಯು 6 ವೋಲ್ಟಿನದು. ಇಂದಿನ ಕಾರುಗಳಲ್ಲಿ 12 ವೋಲ್ಟಿನದು. ಮಾಪಕದೊಳಗಿನ ಪುಟ್ಟ ಬಲ್ಬು 6 ವೋಲ್ಟಿಗೆ ತಯಾರಾದುದಾದರೆ, 12 ವೋಲ್ಟಿನಲ್ಲಿ ಅದರ ಮೇಲೆ ಬೀಳುವ ಹೊರೆಯು ಇಮ್ಮಡಿಯಾಗುವುದಿಲ್ಲ; ರೋಧವು ಅಷ್ಟೇ ಇದ್ದರೆ ನಾಲ್ಮಡಿಯಾಗುತ್ತದೆ. ಬಲ್ಬು ಕ್ಷಣಮಾತ್ರ ಪ್ರಜ್ವಲಿಸಿ ಸುಟ್ಟುಹೋಗುತ್ತದೆ. ಆದ್ದರಿಂದ ಬಲ್ಬನ್ನು ಮೊದಲೇ ಬದಲಿಸಬೇಕು.

ಪೆಟ್ರೋಲಿನ ಮಟ್ಟವನ್ನು ತೋರಿಸುವ ಮಾಪಕದಲ್ಲಂತೂ ಮೋಸ ಹೋಗುವ ಸಂಭವ ಇನ್ನೂ ಹೆಚ್ಚು. ಟ್ಯಾಂಕಿನೊಳಗೆ ತೇಲುವ ಬೆಂಡೊಂದು ಮೇಲೆ ಕೆಳಗೆ ಸರಿದಂತೆ ವಿದ್ಯುತ್ತಿನ ರೋಧವು ಬದಲಾಗುತ್ತದೆ. ಮಾಪಕವು ಆ ರೋಧವನ್ನು ಓದುತ್ತದೆ. ಅಮೆರಿಕದಲ್ಲಿ ರೂಢಿಯಲ್ಲಿರುವ ಒಂದು ಕ್ರಮದಲ್ಲಿ ಖಾಲಿ ಟ್ಯಾಂಕಿಗೆ 240 ಓಮ್, ತುಂಬಿದ ಟ್ಯಾಂಕಿಗೆ 33 ಓಮ್. ಯೂರೋಪಿನಲ್ಲಿ ರೂಢಿಯಲ್ಲಿರುವ ಮತ್ತೊಂದು ಕ್ರಮದಲ್ಲಿ ಖಾಲಿಗೆ 10 ಓಮ್, ತುಂಬಿದುದಕ್ಕೆ 180 ಓಮ್. ಮೊದಲನೆಯ ಬಗೆಯ ಟ್ಯಾಂಕಿಗೆ ಎರಡನೆಯ ಬಗೆಯ ಮಾಪಕವನ್ನು ಜೋಡಿಸಿದರೆ, ಟ್ಯಾಂಕು ಬರಿದಾಗುತ್ತ ಬಂದಂತೆ ಮುಳ್ಳು ‘ತುಂಬಿದೆ’ ಎಂಬ ಕಡೆಗೆ ಏರುತ್ತ ಹೋಗುತ್ತದೆ!

ಎಂಜಿನ್ನಿನ ಸುತ್ತುಗಳನ್ನು ತೋರಿಸುವ ಮಾಪಕವನ್ನು ಒಂದು ವಾಹನದಿಂದ ಇನ್ನೊಂದಕ್ಕೆ ತರುವಾಗಲೂ ಇಂಥದೇ ಎಚ್ಚರ ಬೇಕು. ವಿದ್ಯುತ್ತಿನಿಂದ ನಡೆಯುವ ಈ ಮಾಪಕಗಳಲ್ಲಿ ಹಲವು ಎಂಜಿನ್ನಿನ ಕಿಡಿಗಳನ್ನು ಎಣಿಸುತ್ತವೆ. ಒಂದೇ ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಸುತ್ತಿಗೊಂದು ಕಿಡಿ. ನಾಲ್ಕು ಸಿಲಿಂಡರುಗಳ ಫೋರ್-ಸ್ಟ್ರೋಕ್ ಕಾರಿನ ಎಂಜಿನ್ನಿನಲ್ಲಿ ಸುತ್ತಿಗೆ ಎರಡು ಕಿಡಿ. ಮೊದಲನೆಯದಕ್ಕಾಗಿ ರೂಪಿಸಿದ ಮಾಪಕವು ಎರಡನೆಯದರಲ್ಲಿ 3000 ಸುತ್ತುಗಳನ್ನು 6000 ಎಂದು ತೋರಿಸುತ್ತದೆ. ಈಗ ಕೇಬಲ್ಲೇ ಇಲ್ಲದ, ಚಕ್ರದ ಬಳಿಯ ಸಂವೇದಕದಿಂದ ಬರುವ ವಿದ್ಯುತ್ ಮಿಡಿತಗಳನ್ನೆಣಿಸುವ ವೇಗಮಾಪಕಗಳು ಬಂದಿವೆ. ಅವುಗಳಲ್ಲಿ ಸುತ್ತಿಗೆ ಬದಲು ಮಿಡಿತವನ್ನು ಎಣಿಸುತ್ತಾರೆ. ಗಣಿತವು ಮಾತ್ರ ಅದೇ.

ಎಲ್ಲವನ್ನೂ ಜೋಡಿಸಿದ ಮೇಲೆ ಪರೀಕ್ಷೆಯಾಗಬೇಕು. ವಾಹನ ಸಂಚಾರವಿಲ್ಲದ ನೇರವಾದ ರಸ್ತೆಯಲ್ಲಿ ಎರಡು ಕಿಲೋಮೀಟರ್ ಕಲ್ಲುಗಳ ನಡುವೆ ಒಂದೇ ವೇಗದಲ್ಲಿ ಓಡಿಸಿ, ಪಕ್ಕದಲ್ಲಿ ಕುಳಿತವರು ಗಡಿಯಾರವನ್ನು ನೋಡಬೇಕು. 3600ನ್ನು ಸೆಕೆಂಡುಗಳ ಸಂಖ್ಯೆಯಿಂದ ಭಾಗಿಸಿದರೆ ನಿಜವಾದ ವೇಗವು ದೊರೆಯುತ್ತದೆ. ಮುಳ್ಳು 50ರ ಮೇಲಿದ್ದಾಗ 72 ಸೆಕೆಂಡು ಹಿಡಿದರೆ ಮಾಪಕವು ನಿಜ ನುಡಿಯುತ್ತಿದೆಯೆಂದು ತಿಳಿಯಬಹುದು. ಕೃತಕ ಉಪಗ್ರಹಗಳ ನೆರವಿನಿಂದ ವೇಗವನ್ನು ತೋರಿಸುವ ಸಾಧನಗಳು ಇಂದು ಕೈಯಲ್ಲಿಯೇ ಇರುವುದರಿಂದ ಅವುಗಳೊಡನೆಯೂ ಹೋಲಿಸಿ ನೋಡಬಹುದು. ಮುಂದೆ ಟೈರಿನ ಗಾತ್ರವನ್ನು ಬದಲಿಸಿದರೆ ಈ ಪರೀಕ್ಷೆಯನ್ನು ಮತ್ತೆ ಮಾಡಲೇಬೇಕು. ಚಕ್ರದ ಸುತ್ತಳತೆ ಬದಲಾದರೆ ಕಿಲೋಮೀಟರಿಗೆ ಬರುವ ಸುತ್ತುಗಳೂ ಬದಲಾಗುತ್ತವೆ.

ಯಾವ ಮಾಪಕವೂ ಪರಿಪೂರ್ಣವಲ್ಲ. ಹಾಗಾದರೆ ತಪ್ಪು ಯಾವ ಕಡೆಗೆ ಇರಬೇಕು? ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ವಾಹನ ನಿಯಮಗಳಲ್ಲಿ 39ನೆಯದು ಇದಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ. ಅದರ ಪ್ರಕಾರ ವೇಗಮಾಪಕವು ನಿಜವಾದ ವೇಗಕ್ಕಿಂತ ಕಡಿಮೆಯನ್ನು ಎಂದಿಗೂ ತೋರಿಸಕೂಡದು. ಹೆಚ್ಚನ್ನು ತೋರಿಸಬಹುದಾದರೂ ಅದಕ್ಕೊಂದು ಮಿತಿಯುಂಟು. ಕಾರುಗಳಲ್ಲಿ ಆ ಮಿತಿಯು ನಿಜವಾದ ವೇಗದ ಹತ್ತನೆಯ ಒಂದು ಭಾಗ ಹಾಗೂ 4 ಕಿಲೋಮೀಟರ್. ಎಂದರೆ ನಿಜವಾದ ವೇಗವು 50 ಆಗಿದ್ದರೆ ಮುಳ್ಳು 59ರವರೆಗೆ ತೋರಿಸಬಹುದು, 49ನ್ನು ತೋರಿಸುವಂತಿಲ್ಲ. ತಪ್ಪುವುದಿದ್ದರೆ ಎಚ್ಚರದ ಕಡೆಗೆ ತಪ್ಪು ಎಂಬುದು ಈ ನಿಯಮದ ಸಾರ. ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಶಾಸನವು ನೋಂದಣಿಯಾದ ವಾಹನಗಳನ್ನು ಮನಬಂದಂತೆ ಮಾರ್ಪಡಿಸುವುದನ್ನು ನಿರ್ಬಂಧಿಸಿದೆ. ಆದ್ದರಿಂದ ಕೈಯಿಂದ ಕಟ್ಟಿದ ವಾಹನವನ್ನು ಸಾರ್ವಜನಿಕ ರಸ್ತೆಗೆ ತರುವ ಮೊದಲು ಸಂಬಂಧಪಟ್ಟ ಅಧಿಕಾರಿಗಳ ಅನುಮತಿಯು ಅವಶ್ಯಕ.

ಕೆಲಸವೆಲ್ಲ ಮುಗಿದ ಮೇಲೆ ಒಳ್ಳೆಯ ಕುಶಲಿಗನು ಇನ್ನೊಂದು ಸಣ್ಣ ಕಾರ್ಯವನ್ನು ಮಾಡುತ್ತಾನೆ. ಮಾಪಕದ ಬೆನ್ನಿನ ಮೇಲೆ, ಅಳಿಸದಂಥ ಬಣ್ಣದಲ್ಲಿ, ಮೂರು ಸಂಗತಿಗಳನ್ನು ಬರೆದಿಡುತ್ತಾನೆ: ಮಾಪಕದ ಸ್ಥಿರಾಂಕ 1000, ಕೇಬಲ್ಲಿನ ಸುತ್ತು 640, ಹಲ್ಲುಚಕ್ರಗಳು 25 ಮತ್ತು 16. ಡ್ಯಾಶ್‌ಬೋರ್ಡಿನ ಮುಂದೆ ಕುಳಿತವರಿಗೆ ಆ ಬರಹವು ಕಾಣುವುದಿಲ್ಲ. ಅವನು ಅದನ್ನು ಬರೆಯುವುದು, ಹತ್ತಾರು ವರ್ಷಗಳ ಮೇಲೆ ಅದೇ ಮಾಪಕವನ್ನು ಬಿಚ್ಚಿ ಮತ್ತೊಂದು ವಾಹನಕ್ಕೆ ಕೊಂಡೊಯ್ಯಬಹುದಾದ ಅಪರಿಚಿತನೊಬ್ಬನಿಗಾಗಿ. ಯಾವ ಗಳೆಯಿಂದ ಅಳೆದುದು ಎಂಬುದನ್ನು ಆ ಅಪರಿಚಿತನು ಅದರಿಂದ ತಿಳಿಯುತ್ತಾನೆ.